ಕಾಪಿ–ಪೇಸ್ಟ್ ತೊಡಕುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ಒಂದು ವಿಂಡೋದಲ್ಲಿ ಆಯ್ದುಕೊಂಡ ಪಠ್ಯ ಇನ್ನೊಂದು ವಿಂಡೋ ಸೇರುವಷ್ಟರಲ್ಲಿ ಕೆಡುತ್ತದೆ, ಕಳೆದುಹೋಗುತ್ತದೆ ಅಥವಾ ಬೇರೆಯವರ ಕೈ ಸೇರುತ್ತದೆ ಎಂಬುದೇ ಅವುಗಳ ದೂರು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್‌ಗಳ ಮ್ಯಾಟರ್ ಅನ್ನು ಗಿರಾಕಿಗಳು ಈಗ ವಾಟ್ಸ್ಆಪ್‌ನಲ್ಲೇ ಕಳಿಸುತ್ತಾರೆ. ಅದನ್ನು ಕಾಪಿ ಮಾಡಿ ಪೇಜ್‌ಮೇಕರ್‌ನಲ್ಲಿ ಪೇಸ್ಟ್ ಮಾಡಿದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ವಾಟ್ಸ್ಆಪ್‌ಗೆ ಹಾಕಿದರೆ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎರಡೂ ಕಡೆ ಒಂದೇ ತೊಂದರೆಯೇ?

ಉತ್ತರ: ಎರಡೂ ಬೇರೆ ಬೇರೆ ತೊಂದರೆಗಳು. ಮೊದಲನೆಯದರಲ್ಲಿ ಪಠ್ಯ ನಾಶವಾಗಿದೆ, ಎರಡನೆಯದರಲ್ಲಿ ಪಠ್ಯ ಹಾಗೆಯೇ ಉಳಿದು ಅದರ ವೇಷ ಮಾತ್ರ ಕಳಚಿದೆ. ಈ ವ್ಯತ್ಯಾಸ ಗೊತ್ತಿದ್ದರೆ ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಮತ್ತೆ ತರಿಸಿಕೊಳ್ಳಬೇಕು ಎಂಬುದು ನಿಮಗೆ ನೋಡಿದ ಕೂಡಲೇ ತಿಳಿಯುತ್ತದೆ.

ನೀವು ಕಾಪಿ ಒತ್ತಿದಾಗ ಕ್ಲಿಪ್‌ಬೋರ್ಡಿಗೆ (ಕಾಪಿ ಮಾಡಿದ್ದು ಪೇಸ್ಟ್ ಆಗುವವರೆಗೆ ತಂಗುವ ತಾತ್ಕಾಲಿಕ ಜಾಗಕ್ಕೆ) ಹೋಗುವುದು ಒಂದೇ ವಸ್ತುವಲ್ಲ. ಒಂದೇ ಪಠ್ಯವು ಹಲವು ರೂಪಗಳಲ್ಲಿ ಏಕಕಾಲಕ್ಕೆ ಲಭ್ಯವಾಗುತ್ತದೆ: ಬರಿಯ ಅಕ್ಷರಗಳ ರೂಪ, ಫಾಂಟು–ಬಣ್ಣಗಳ ಸಮೇತವಾದ ರೂಪ, ವೆಬ್ ಪುಟಕ್ಕೆ ಒಗ್ಗುವ ರೂಪ, ಕೆಲವೊಮ್ಮೆ ಚಿತ್ರದ ರೂಪ. ಪೇಸ್ಟ್ ಮಾಡುವ ಪ್ರೋಗ್ರಾಂ ಇವುಗಳಲ್ಲಿ ತನಗೆ ಅರ್ಥವಾಗುವುದನ್ನು ಆರಿಸಿಕೊಳ್ಳುತ್ತದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ವಾಟ್ಸ್ಆಪ್ ಬಳಸುವ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಪದ್ಧತಿ) ಅದಕ್ಕೆ ತಿಳಿಯದು. ಅದು ಹಳೆಯ ರೀತಿಯ, ಒಂದು ಅಕ್ಷರಕ್ಕೆ ಒಂದು ಬೈಟ್ ಇರುವ ಪಠ್ಯವನ್ನು ಕೇಳುತ್ತದೆ. ಆಗ ವಿಂಡೋಸ್ ತಾನೇ ಮುಂದಾಗಿ ಯುನಿಕೋಡ್ ಪಠ್ಯವನ್ನು ಹಳೆಯ ರೂಪಕ್ಕೆ ಪರಿವರ್ತಿಸಿ ಕೊಡುತ್ತದೆ. ಆದರೆ ವಿಂಡೋಸ್‌ನ ಆ ಹಳೆಯ ಸಂಕೇತ ಕೋಷ್ಟಕಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲವಾದ್ದರಿಂದ ಪ್ರತಿ ಸಂಕೇತಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಒಮ್ಮೆ 'ಕಲಬುರಗಿ' ಎಂಬ ಪದವನ್ನಷ್ಟೇ ಪೇಸ್ಟ್ ಮಾಡಿ ಎಣಿಸಿ ನೋಡಿ. ಕಣ್ಣಿಗೆ ಐದೇ ಅಕ್ಷರ, ಚಿಹ್ನೆಗಳು ಮಾತ್ರ ಏಳು. ಕ, ಲ, ಬ, ಉಕಾರದ ಕೊಂಬು, ರ, ಗ, ಇಕಾರದ ಗುಡಿಸು ಎಂದು ಯುನಿಕೋಡ್ ಆ ಪದವನ್ನು ಏಳು ಸಂಕೇತಗಳಲ್ಲಿ ಇಡುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳಾದ ಮೇಲೆ ಯಾವ ಫಾಂಟ್ ಹಾಕಿದರೂ ಪಠ್ಯ ಮರಳದು. ಮೂಲದಿಂದ ಮತ್ತೆ ಕಾಪಿ ಮಾಡಲೇಬೇಕು.

ಎರಡನೆಯ ಸಂದರ್ಭದಲ್ಲಿ, ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ನುಡಿಯಲ್ಲಿ ಟೈಪ್ ಮಾಡಿದ್ದನ್ನು ವರ್ಡ್‌ನ ಒಂದು ಕಡತದಿಂದ ಇನ್ನೊಂದಕ್ಕೆ ಪೇಸ್ಟ್ ಮಾಡಿದಾಗ ಫಾಂಟಿನ ಹೆಸರೂ ಜೊತೆಗೆ ಹೋಗುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ವಾಟ್ಸ್ಆಪ್ ಬರಿಯ ಅಕ್ಷರಗಳ ರೂಪವನ್ನಷ್ಟೇ ತೆಗೆದುಕೊಳ್ಳುತ್ತದೆ, ಫಾಂಟ್ ಹಿಂದೆಯೇ ಉಳಿಯುತ್ತದೆ, ಒಳಗಿರುವ ಇಂಗ್ಲಿಷ್ ಸಂಕೇತಗಳು ಬಯಲಾಗುತ್ತವೆ. ಇಂಥ ಪಠ್ಯವನ್ನು ಆಸ್ಕಿಯಿಂದ (ಹಳೆಯ ಫಾಂಟುಗಳ ಈ ಪದ್ಧತಿಗೆ ರೂಢಿಯ ಹೆಸರು) ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಸರಿಯಾದ ಕನ್ನಡ ದೊರೆಯುತ್ತದೆ.

ಪೇಜ್‌ಮೇಕರ್‌ನಲ್ಲೇ ಮುಂದುವರಿಯುವುದಾದರೆ ಗಿರಾಕಿಯ ಮ್ಯಾಟರ್ ಅನ್ನು ಮೊದಲು ಪರಿವರ್ತಕದಲ್ಲಿ ಯುನಿಕೋಡ್‌ನಿಂದ ಆಸ್ಕಿಗೆ ಬದಲಿಸಿ, ಆ ಮೇಲೆ ಪೇಸ್ಟ್ ಮಾಡಿ ನುಡಿ ಫಾಂಟ್ ಕೊಡಿ. ಆದರೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದಾದರೆ, ಯುನಿಕೋಡ್ ತಿಳಿದ ಪುಟವಿನ್ಯಾಸ ತಂತ್ರಾಂಶಕ್ಕೆ ಹೋಗುವುದೇ ಲೇಸು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರ್ ಅನ್ನು 'ವರ್ಲ್ಡ್ ರೆಡಿ' ಎಂಬುದಕ್ಕೆ ಬದಲಿಸಿದರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಉಚಿತವಾದ ಸ್ಕ್ರೈಬಸ್‌ನ ಈಚಿನ ಆವೃತ್ತಿಗಳಲ್ಲೂ ಕನ್ನಡ ಸರಿಯಾಗಿ ಮೂಡುತ್ತದೆ.

ಪ್ರಶ್ನೆ: ಪಿಡಿಎಫ್‌ನಲ್ಲಿ ಬಂದ ಸುತ್ತೋಲೆಯಿಂದ ಒಂದು ಪರಿಚ್ಛೇದವನ್ನು ಕಾಪಿ ಮಾಡಿದರೆ 'ಕರ್ನಾಟಕ' ಎಂಬುದು 'ಕನಾರ್ಟಕ' ಎಂದೂ 'ಸರ್ಕಾರ' ಎಂಬುದು 'ಸಕಾರ್ರ' ಎಂದೂ ಬರುತ್ತದೆ. ಪಿಡಿಎಫ್‌ನಲ್ಲಿ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. — ಕಚೇರಿ ಸಿಬ್ಬಂದಿಯೊಬ್ಬರು, ಬೀದರ್

ಉತ್ತರ: ಪಿಡಿಎಫ್ ಕಡತವು ಮೂಲತಃ ಪುಟದ ಯಾವ ಜಾಗದಲ್ಲಿ ಯಾವ ಆಕಾರವನ್ನು ಮೂಡಿಸಬೇಕೆಂಬ ಸೂಚನೆಗಳ ಪಟ್ಟಿ. ನೀವು ಅದರಲ್ಲಿ ಪಠ್ಯವನ್ನು ಆಯ್ದಾಗ ಓದುವ ತಂತ್ರಾಂಶವು ಆಕಾರಗಳಿಂದ ಅಕ್ಷರಗಳನ್ನು ಹಿಮ್ಮುಖವಾಗಿ ಊಹಿಸಬೇಕಾಗುತ್ತದೆ. ಕನ್ನಡದಲ್ಲಿ ಅರ್ಕಾವತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ. ಯುನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸಿ ರ್ ಅನ್ನು 'ನಾ' ಅಕ್ಷರದ ಮುಂಚೆ ಇಡುತ್ತದೆ, ಪಿಡಿಎಫ್ ಕಣ್ಣಿಗೆ ಕಾಣುವ ಕ್ರಮದಲ್ಲಿ 'ನಾ' ಆದ ಮೇಲೆ ಇಡುತ್ತದೆ. ಕಡತವನ್ನು ಸಿದ್ಧಪಡಿಸಿದ ತಂತ್ರಾಂಶವು ಮೂಲ ಪಠ್ಯವನ್ನು ಒಳಗೆ ಸೇರಿಸಿರದಿದ್ದರೆ ಕಾಪಿ ಮಾಡಿದಾಗ ಆ ಕಾಣುವ ಕ್ರಮವೇ ಬರುತ್ತದೆ. 'ಕಾರ್ಯದರ್ಶಿ' ಎಂಬುದು 'ಕಾಯರ್ದಶಿರ್' ಆಗುವುದೂ ಇದರಿಂದಲೇ.

ಇದನ್ನು ಹುಡುಕಿ–ಬದಲಿಸುವ ಸೌಲಭ್ಯದಿಂದ ಒಟ್ಟಾರೆ ಸರಿಪಡಿಸಲು ಹೋಗಬೇಡಿ. 'ಡಾಕ್ಟರ್', 'ಬೀದರ್' ಮುಂತಾದ, ನ್ಯಾಯವಾಗಿಯೇ ರ್ ಇರುವ ಪದಗಳೂ ಕೆಡುತ್ತವೆ. ಪುಟವನ್ನು ಚಿತ್ರವೆಂದು ಭಾವಿಸಿ ಓದುವ ಓಸಿಆರ್ ಹೆಚ್ಚು ನೆಚ್ಚಬಹುದಾದದ್ದು. ಗೂಗಲ್ ಡ್ರೈವ್ ಮತ್ತು ಟೆಸರ‍್ಯಾಕ್ಟ್ ಎರಡೂ ಕನ್ನಡವನ್ನು ಓದುತ್ತವೆ. ಎಲ್ಲಕ್ಕಿಂತ ಮೇಲು ಮೂಲದ ವರ್ಡ್ ಕಡತವನ್ನೇ ಕೇಳಿ ಪಡೆಯುವುದು. ಸುತ್ತೋಲೆ ಹೊರಡಿಸುವ ಕಚೇರಿಗಳು ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಕಳಿಸುವ ರೂಢಿ ಮಾಡಿಕೊಂಡರೆ ಕೆಳಗಿನ ಕಚೇರಿಗಳಲ್ಲಿ ಮತ್ತೆ ಟೈಪ್ ಮಾಡುವ ಎಷ್ಟೋ ಶ್ರಮ ಉಳಿಯುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬಯಸುತ್ತೇವೆ.

ಪ್ರಶ್ನೆ: ಬಸವಕಲ್ಯಾಣದ ಸಹಕಾರ ಸಂಘವೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಸದಸ್ಯರ ಖಾತೆ ಸಂಖ್ಯೆಗಳನ್ನು ಎಕ್ಸೆಲ್‌ಗೆ ಪೇಸ್ಟ್ ಮಾಡಿದಾಗ ಮುಂದಿನ ಸೊನ್ನೆಗಳು ಹೋಗುತ್ತವೆ, ಆಧಾರ್ ಸಂಖ್ಯೆಯ ನಡುವೆ 'ಇ' ಅಕ್ಷರ ಬರುತ್ತದೆ. ಇದಲ್ಲದೆ, ಎರಡು ಪಟ್ಟಿಗಳಲ್ಲಿ ಒಂದೇ ಹೆಸರು ಇದ್ದರೂ ಲುಕ್‌ಅಪ್ ಸೂತ್ರವು ಹೊಂದಾಣಿಕೆ ಇಲ್ಲ ಎನ್ನುತ್ತದೆ.

ಉತ್ತರ: ಪೇಸ್ಟ್ ಆಗಿ ಬಂದ ಅಂಕೆಗಳನ್ನು ಎಕ್ಸೆಲ್ ಲೆಕ್ಕದ ಸಂಖ್ಯೆಗಳೆಂದೇ ತಿಳಿಯುತ್ತದೆ. ಲೆಕ್ಕದಲ್ಲಿ ಮುಂದಿನ ಸೊನ್ನೆಗೆ ಬೆಲೆ ಇಲ್ಲವಾದ್ದರಿಂದ ಅದನ್ನು ತೆಗೆದುಹಾಕುತ್ತದೆ. 11 ಅಂಕೆಗಳನ್ನು ಮೀರಿದ್ದನ್ನು ಘಾತದ ರೂಪದಲ್ಲಿ ತೋರಿಸುತ್ತದೆ. 12 ಅಂಕೆಗಳ ಆಧಾರ್ ಸಂಖ್ಯೆಯಲ್ಲಿ 'ಇ' ಕಾಣುವುದು ಇದರಿಂದ, ಅಲ್ಲಿ ಒಳಗಿನ ಸಂಖ್ಯೆ ಕೆಟ್ಟಿರುವುದಿಲ್ಲ. ನಿಜವಾದ ಅಪಾಯ ಇರುವುದು 15 ಅಂಕೆಗಳಿಗಿಂತ ಉದ್ದದ ಖಾತೆ ಸಂಖ್ಯೆಗಳಲ್ಲಿ. ಹದಿನೈದರ ನಂತರದ ಅಂಕೆಗಳೆಲ್ಲ ಸೊನ್ನೆಗಳಾಗಿಬಿಡುತ್ತವೆ, ಆಮೇಲೆ ಕೋಶದ ಸ್ವರೂಪವನ್ನು ಬದಲಿಸಿದರೂ ಅವು ಮರಳುವುದಿಲ್ಲ. ಹಣ ಬೇರೆಯವರ ಖಾತೆಗೆ ಹೋಗುವಂಥ ತಪ್ಪು ಇದು. ಆದ್ದರಿಂದ ಪೇಸ್ಟ್ ಮಾಡುವ ಮುನ್ನವೇ ಆ ಇಡೀ ಕಾಲಂ ಅನ್ನು 'ಟೆಕ್ಸ್ಟ್' ಎಂದು ಗುರುತಿಸಿ, ಅನಂತರ ಪೇಸ್ಟ್ ಆಯ್ಕೆಗಳಲ್ಲಿ 'ಮ್ಯಾಚ್ ಡೆಸ್ಟಿನೇಷನ್ ಫಾರ್ಮ್ಯಾಟಿಂಗ್' ಎಂಬುದನ್ನು ಆರಿಸಿ.

ಹೆಸರುಗಳು ಹೊಂದದಿರುವುದಕ್ಕೆ ಕಾರಣ ಕಣ್ಣಿಗೆ ಕಾಣದ ಸಂಕೇತಗಳು. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಕೂಡಿ ಒತ್ತಕ್ಷರವಾಗದಿರಲೆಂದು ನಡುವೆ ಅಗೋಚರವಾದ ಒಂದು ಸಂಕೇತ (ಯುನಿಕೋಡ್‌ನ 8204ನೆಯದು) ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಖಾಲಿ ಜಾಗ ಬಿಟ್ಟು ಟೈಪ್ ಮಾಡಿದರೆ ಎಕ್ಸೆಲ್‌ಗೆ ಅವು ಬೇರೆ ಬೇರೆ ಹೆಸರುಗಳು. ವೆಬ್ ಪುಟಗಳಿಂದ ಕಾಪಿ ಮಾಡಿದಾಗ 160ನೆಯ ಸಂಕೇತದ ವಿಶೇಷ ಖಾಲಿ ಜಾಗವೂ ಬರುತ್ತದೆ, ಅದನ್ನು ಟ್ರಿಮ್ ಸೂತ್ರ ತೆಗೆಯುವುದಿಲ್ಲ. ಪಕ್ಕದಲ್ಲಿ ಒಂದು ಸಹಾಯಕ ಕಾಲಂ ಮಾಡಿಕೊಂಡು, ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಯುನಿಚಾರ್ 8204, 160ನೆಯ ಸಂಕೇತ ಮತ್ತು ಮಾಮೂಲು ಖಾಲಿ ಜಾಗ ಮೂರನ್ನೂ ತೆಗೆದು, ಆ ಕಾಲಂಗಳನ್ನು ಮಾತ್ರ ಹೋಲಿಸಿ. ಮೂಲ ಹೆಸರಿನ ಕಾಲಂನಿಂದ 8204 ಅನ್ನು ತೆಗೆದರೆ 'ರಾಜ್ಕುಮಾರ್' ಎಂದು ಅಚ್ಚಾಗುತ್ತದೆ, ಅದನ್ನು ಮುಟ್ಟಬೇಡಿ.

ಪ್ರಶ್ನೆ: ಶಹಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇದೆ. ಒಂದು ಎಡಿಟರ್‌ನಲ್ಲಿ ಕಾಪಿ ಮಾಡಿ, ಅದನ್ನು ಮುಚ್ಚಿ, ಇನ್ನೊಂದನ್ನು ತೆರೆದು ಪೇಸ್ಟ್ ಮಾಡಿದರೆ ಕೆಲವು ಯಂತ್ರಗಳಲ್ಲಿ ಏನೂ ಬರುವುದಿಲ್ಲ. ಮೌಸ್‌ನ ನಡುವಿನ ಗುಂಡಿ ಒತ್ತಿದರೆ ನಾವು ಕಾಪಿ ಮಾಡದೆ ಇದ್ದುದೂ ಬಂದು ಬೀಳುತ್ತದೆ. ಮಕ್ಕಳಿಗೆ ಹೇಗೆ ವಿವರಿಸಲಿ?

ಉತ್ತರ: ಮಕ್ಕಳಿಗೆ ವಿವರಿಸಬೇಕೆಂಬ ನಿಮ್ಮ ಕಾಳಜಿ ದೊಡ್ಡದು. ಹೀಗೆಂದು ಹೇಳಬಹುದು. ನಮ್ಮ ಭಾಗದ ಅಡತಿ ಅಂಗಡಿಯಲ್ಲಿ ತೊಗರಿಯ ವ್ಯಾಪಾರ ನಡೆಯುವಾಗ ಮೊದಲು ಕಾಣುವುದು ಮುಷ್ಟಿಯಷ್ಟು ಸ್ಯಾಂಪಲ್ ಮಾತ್ರ. ಮಾಲೆಲ್ಲ ಮಾರುವವನ ಬಳಿಯೇ ಇರುತ್ತದೆ, ಕೊಳ್ಳುವವನು ಬೇಕೆಂದಾಗ ಮಾತ್ರ ಹೊರಡುತ್ತದೆ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಕಾಪಿ ಎಂಬುದೂ ಇಂಥದೇ ವ್ಯವಹಾರ. 1987ರಲ್ಲಿ ಬಂದ ಅದರ 11ನೆಯ ಆವೃತ್ತಿಯೇ ಇಂದಿಗೂ ಅನೇಕ ಕಡೆ ಬಳಕೆಯಲ್ಲಿದೆ. ಅದರಲ್ಲಿ ನೀವು ಕಾಪಿ ಒತ್ತಿದಾಗ ಪಠ್ಯವು ಎಲ್ಲಿಗೂ ಹೋಗುವುದಿಲ್ಲ. 'ಈಗ ಕ್ಲಿಪ್‌ಬೋರ್ಡಿನ ಒಡೆತನ ನನ್ನದು' ಎಂದು ಆ ಎಡಿಟರ್ ಸಾರುತ್ತದೆ, ಅಷ್ಟೇ. ನೀವು ಇನ್ನೊಂದು ವಿಂಡೋದಲ್ಲಿ ಪೇಸ್ಟ್ ಮಾಡಿದಾಗ ಆ ಪ್ರೋಗ್ರಾಂ ಮೊದಲು 'ಯಾವ ಯಾವ ರೂಪದಲ್ಲಿ ಕೊಡಬಲ್ಲೆ' ಎಂದು ಒಡೆಯನನ್ನು ಕೇಳುತ್ತದೆ, ಬಂದ ಪಟ್ಟಿಯಿಂದ ಒಂದನ್ನು ಆರಿಸುತ್ತದೆ, ಆಗ ಪಠ್ಯ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಸಾಗುತ್ತದೆ. ಆ ಮಧ್ಯೆ ಒಡೆಯ ಪ್ರೋಗ್ರಾಂ ಮುಚ್ಚಿಹೋದರೆ ಕೊಡುವವರೇ ಇಲ್ಲ. ನಿಮ್ಮ ಲ್ಯಾಬಿನಲ್ಲಿ ಆಗುತ್ತಿರುವುದು ಇದೇ.

ಕೆಲವು ಯಂತ್ರಗಳಲ್ಲಿ ಮಾತ್ರ ಹೀಗಾಗುವುದಕ್ಕೂ ಕಾರಣವಿದೆ. ಕ್ಲಿಪ್‌ಬೋರ್ಡ್ ಮ್ಯಾನೇಜರ್ ಎಂಬ ಸಣ್ಣ ಪ್ರೋಗ್ರಾಂ ಹಿನ್ನೆಲೆಯಲ್ಲಿ ನಡೆಯುತ್ತಿದ್ದರೆ ಅದು ಪಠ್ಯದ ಪ್ರತಿಯನ್ನು ತೆಗೆದಿಟ್ಟುಕೊಂಡು, ಮೂಲ ಪ್ರೋಗ್ರಾಂ ಮುಚ್ಚಿದ ಮೇಲೆ ತಾನೇ ಒಡೆಯನಾಗುತ್ತದೆ. ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಕ್ಲಿಪರ್, ಎಕ್ಸ್‌ಎಫ್‌ಸಿಇಯಲ್ಲಿ ಕ್ಲಿಪ್‌ಮನ್ ಈ ಕೆಲಸ ಮಾಡುತ್ತವೆ. ಕಾಪಿಕ್ಯೂ ಎಂಬುದನ್ನು ಬೇರೆಯಾಗಿ ಹಾಕಿಕೊಳ್ಳಬಹುದು. ಇವು ಯಾವುವೂ ಇಲ್ಲದ ಯಂತ್ರದಲ್ಲಿ ಪೇಸ್ಟ್ ಆಗುವವರೆಗೆ ಮೊದಲ ಪ್ರೋಗ್ರಾಂ ಅನ್ನು ತೆರೆದೇ ಇಡಬೇಕೆಂದು ಮಕ್ಕಳಿಗೆ ತಿಳಿಸಿ. ವಿಂಡೋಸ್‌ನಲ್ಲೂ ದೊಡ್ಡ ಪಠ್ಯವನ್ನು ಕಾಪಿ ಮಾಡಿದ ಪ್ರೋಗ್ರಾಂ 'ಕೇಳಿದಾಗ ಕೊಡುತ್ತೇನೆ' ಎಂದು ಬರಿಯ ಭರವಸೆಯನ್ನಷ್ಟೇ ಇಡುವುದುಂಟು. ಆದರೆ ಮುಚ್ಚುವ ಮುನ್ನ ಎಲ್ಲವನ್ನೂ ಒಪ್ಪಿಸಿ ಹೋಗಬೇಕೆಂಬ ಕಟ್ಟಳೆ ಅಲ್ಲಿದೆ.

ಇನ್ನು ನಡುವಿನ ಗುಂಡಿಯ ವಿಷಯ. ಲಿನಕ್ಸ್‌ನಲ್ಲಿ ಎರಡು ಪ್ರತ್ಯೇಕ ಆಯ್ಕೆಗಳು ಒಟ್ಟಿಗೇ ಜೀವಂತವಾಗಿರುತ್ತವೆ. ಒಂದು ಕ್ಲಿಪ್‌ಬೋರ್ಡ್, ಅದು ಕಂಟ್ರೋಲ್–ಸಿ ಒತ್ತಿದಾಗ ಮಾತ್ರ ಬದಲಾಗುತ್ತದೆ. ಇನ್ನೊಂದು ಪ್ರೈಮರಿ, ಅದು ಮೌಸ್‌ನಿಂದ ಪಠ್ಯವನ್ನು ಎಳೆದು ಗುರುತಿಸಿದ ಕ್ಷಣವೇ ಬದಲಾಗುತ್ತದೆ ಮತ್ತು ನಡುವಿನ ಗುಂಡಿ ಅದನ್ನೇ ಪೇಸ್ಟ್ ಮಾಡುತ್ತದೆ. ಒಂದರಲ್ಲಿ ಶೀರ್ಷಿಕೆ, ಇನ್ನೊಂದರಲ್ಲಿ ಪರಿಚ್ಛೇದ ಇಟ್ಟುಕೊಂಡು ಎರಡನ್ನೂ ಬಳಸಬಹುದಾದ ಅನುಕೂಲ ಇದರಲ್ಲಿದೆ. ಎಡವುವ ಜಾಗವೂ ಒಂದಿದೆ. ಬ್ರೌಸರ್‌ನ ವಿಳಾಸಪಟ್ಟಿಗೆ ಹೊಸ ವಿಳಾಸ ಹಾಕಲೆಂದು ಹಳೆಯದನ್ನು ಮೌಸ್‌ನಿಂದ ಗುರುತಿಸಿದರೆ, ಗುರುತಿಸಿದ ಆ ಹಳೆಯ ವಿಳಾಸವೇ ಪ್ರೈಮರಿಗೆ ಹೋಗಿ, ನೀವು ತಂದದ್ದು ಅಳಿಸಿಹೋಗುತ್ತದೆ. ಅಂಥಲ್ಲಿ ಕಂಟ್ರೋಲ್–ಸಿ, ಕಂಟ್ರೋಲ್–ವಿ ಬಳಸುವುದೇ ಸರಿ. ಟರ್ಮಿನಲ್‌ನಲ್ಲಿ ಮಾತ್ರ ಕಂಟ್ರೋಲ್–ಸಿ ಎಂದರೆ ನಡೆಯುತ್ತಿರುವ ಆದೇಶವನ್ನು ನಿಲ್ಲಿಸು ಎಂದು ಅರ್ಥ. ಆದ್ದರಿಂದ ಅಲ್ಲಿ ಶಿಫ್ಟ್ ಅನ್ನೂ ಸೇರಿಸಿ ಒತ್ತಬೇಕು.

ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ 21.04ನೆಯ ಆವೃತ್ತಿಯಿಂದ ಈಚೆಗೆ ಹೆಚ್ಚಿನ ಯಂತ್ರಗಳಲ್ಲಿ ಎಕ್ಸ್ ಬದಲು ವೇಲ್ಯಾಂಡ್ ಇರುತ್ತದೆ. ಅಲ್ಲಿಯೂ ಪಠ್ಯವನ್ನು ಒದಗಿಸುವುದು ಕಾಪಿ ಮಾಡಿದ ಪ್ರೋಗ್ರಾಂ ಕೆಲಸವೇ. ವ್ಯತ್ಯಾಸವೆಂದರೆ, ಸಾಮಾನ್ಯವಾಗಿ ಎದುರಿಗೆ ತೆರೆದು ಬಳಕೆಯಲ್ಲಿರುವ ವಿಂಡೋಗೆ ಮಾತ್ರ ಕ್ಲಿಪ್‌ಬೋರ್ಡ್ ಕಾಣುತ್ತದೆ, ಹಿನ್ನೆಲೆಯಲ್ಲಿ ಕುಳಿತ ಪ್ರೋಗ್ರಾಂ ಕದ್ದು ನೋಡಲಾಗದು. ಇದು ಒಳ್ಳೆಯ ಬದಲಾವಣೆ.

ಪ್ರಶ್ನೆ: ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಪೈಥಾನ್‌ನ ಟಿಕೆಇಂಟರ್‌ನಲ್ಲಿ ಎರಡು ಪಟ್ಟಿಗಳಿರುವ ವಿಂಡೋ ಮಾಡಿದ್ದೇನೆ. ಎಡಕ್ಕೆ ತಾಲ್ಲೂಕುಗಳು, ಬಲಕ್ಕೆ ಊರುಗಳು. ಎಡದಲ್ಲಿ ಜೇವರ್ಗಿ ಆರಿಸಿ, ಬಲದಲ್ಲಿ ಊರನ್ನು ಆರಿಸಿದ ಕೂಡಲೇ ಜೇವರ್ಗಿಯ ಮೇಲಿನ ಗುರುತು ಮಾಯವಾಗಿ ಪ್ರೋಗ್ರಾಂ ದೋಷ ತೋರಿಸುತ್ತದೆ. ನನ್ನ ಪ್ರೋಗ್ರಾಂನಿಂದ ಕಾಪಿ ಮಾಡಿದ ವಿಳಾಸವೂ ಅದನ್ನು ಮುಚ್ಚಿದರೆ ಉಳಿಯುವುದಿಲ್ಲ.

ಉತ್ತರ: ಮೇಲಿನ ಉತ್ತರವನ್ನು ಓದಿದ ಮೇಲೆ ನಿಮ್ಮ ಮೊದಲ ತೊಂದರೆಯ ಕಾರಣ ಅರ್ಧ ಹೊಳೆದಿರಬೇಕು. ಟಿಕೆಇಂಟರ್‌ನ ಒಳಗಿದ್ದು ವಿಂಡೋಗಳನ್ನು ರಚಿಸುವ ಟಿಕೆ ಎಂಬ ಸಲಕರಣೆ ಹುಟ್ಟಿದ್ದು ಎಕ್ಸ್ ವಿಂಡೋ ವ್ಯವಸ್ಥೆಯ ಮೇಲೆ. ಅಲ್ಲಿ ಪ್ರೈಮರಿ ಆಯ್ಕೆಗೆ ಯಾವ ಕ್ಷಣದಲ್ಲೂ ಒಬ್ಬನೇ ಒಡೆಯ. ಟಿಕೆಯ ಲಿಸ್ಟ್‌ಬಾಕ್ಸ್‌ನಲ್ಲಿ ಒಂದು ಸಾಲನ್ನು ಆರಿಸಿದರೆ ಅದು ತಾನೇ ಪ್ರೈಮರಿಯ ಒಡೆತನವನ್ನು ಪಡೆಯುತ್ತದೆ, ಎರಡನೆಯ ಪಟ್ಟಿಯಲ್ಲಿ ಆರಿಸಿದಾಗ ಒಡೆತನ ಅದಕ್ಕೆ ಹೋಗುತ್ತದೆ, ಒಡೆತನ ಕಳೆದುಕೊಂಡ ಮೊದಲ ಪಟ್ಟಿ ತನ್ನ ಗುರುತನ್ನು ಅಳಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಪ್ರೈಮರಿ ಎಂಬುದೇ ಇಲ್ಲದಿದ್ದರೂ ಟಿಕೆ ತನ್ನೊಳಗೆ ಅದೇ ನಡವಳಿಕೆಯನ್ನು ಉಳಿಸಿಕೊಂಡಿರುವುದರಿಂದ ಅಲ್ಲಿಯೂ ಹೀಗೆಯೇ ಆಗುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಂ ಎಡಪಟ್ಟಿಯ ಕರ್‌ಸೆಲೆಕ್ಷನ್ (ಆರಿಸಿದ ಸಾಲು ಯಾವುದೆಂಬುದು) ಕೇಳಿದಾಗ ಖಾಲಿ ಉತ್ತರ ಬರುತ್ತದೆ, ಖಾಲಿ ಉತ್ತರದ ಮೊದಲ ಅಂಶವನ್ನು ತೆಗೆಯಲು ಹೋದ ಸಾಲು ದೋಷ ಕೊಡುತ್ತದೆ.

ಪರಿಹಾರ ಒಂದೇ ಪದದ್ದು. ಎರಡೂ ಲಿಸ್ಟ್‌ಬಾಕ್ಸ್‌ಗಳನ್ನು ರಚಿಸುವಾಗ ಎಕ್ಸ್‌ಪೋರ್ಟ್‌ಸೆಲೆಕ್ಷನ್ ಎಂಬ ಆಯ್ಕೆಗೆ ಫಾಲ್ಸ್ ಎಂಬ ಬೆಲೆ ಕೊಡಿ. ಆಗ ಪಟ್ಟಿಯಲ್ಲಿನ ಗುರುತು ಪಟ್ಟಿಯೊಳಗೇ ಉಳಿಯುತ್ತದೆ, ಪ್ರೈಮರಿಗೆ ಹೋಗುವುದಿಲ್ಲ. ವಿಂಡೋದಲ್ಲಿ ಕಾಂಬೊಬಾಕ್ಸ್ ಅಥವಾ ಎಂಟ್ರಿ ಇದ್ದು ಅದರಲ್ಲಿ ಪಠ್ಯ ಗುರುತಾದಾಗಲೂ ಪಟ್ಟಿಯ ಗುರುತು ಹೋಗುವುದುಂಟು, ಅದಕ್ಕೂ ಪಟ್ಟಿಗೆ ಕೊಟ್ಟ ಇದೇ ಆಯ್ಕೆ ಸಾಕು. ಆದರೆ ಪಠ್ಯ ಬರೆಯುವ ಪೆಟ್ಟಿಗೆಗಳಲ್ಲಿ ಕಾರಣವಿಲ್ಲದೆ ಇದಕ್ಕೆ ಫಾಲ್ಸ್ ಕೊಡಬೇಡಿ. ಗುರುತಿಸಿ ನಡುವಿನ ಗುಂಡಿ ಒತ್ತುವ ಲಿನಕ್ಸ್ ಬಳಕೆದಾರರಿಗೆ ನಿಮ್ಮ ಪ್ರೋಗ್ರಾಂ ಕೆಟ್ಟಂತೆ ತೋರುತ್ತದೆ. ಜೊತೆಗೆ, ಯಾವ ಪಟ್ಟಿಯಿಂದ ಬೆಲೆ ತೆಗೆಯುವ ಮುನ್ನವೂ ಉತ್ತರ ಖಾಲಿಯೇ ಎಂದು ಪರೀಕ್ಷಿಸುವ ಅಭ್ಯಾಸ ಬೆಳೆಸಿಕೊಳ್ಳಿ. ಬಳಕೆದಾರರು ಏನನ್ನೂ ಆರಿಸದೆಯೇ ಗುಂಡಿ ಒತ್ತಬಹುದು.

ಕಾಪಿಯ ವಿಷಯಕ್ಕೆ ಬಂದರೆ, ಮೊದಲು ಕ್ಲಿಪ್‌ಬೋರ್ಡ್‌ಕ್ಲಿಯರ್, ಆಮೇಲೆ ಕ್ಲಿಪ್‌ಬೋರ್ಡ್‌ಅಪೆಂಡ್ ಕರೆಯಬೇಕು. ಮೊದಲನೆಯದನ್ನು ಬಿಟ್ಟರೆ ನೀವು ಹಿಂದೆ ಹಾಕಿದ ಪಠ್ಯದ ಬಾಲಕ್ಕೆ ಹೊಸದು ಅಂಟಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಮ್ಯಾನೇಜರ್ ಇಲ್ಲದಿದ್ದರೆ ಪ್ರೋಗ್ರಾಂ ಮುಚ್ಚಿದ ಮೇಲೆ ಪಠ್ಯ ಉಳಿಯದು. ಇದು ನಿಮ್ಮ ತಪ್ಪಲ್ಲ, ಪ್ರಾಜೆಕ್ಟ್ ವರದಿಯಲ್ಲಿ ಹಾಗೆಂದು ಬರೆದರೆ ಪರೀಕ್ಷಕರು ಮೆಚ್ಚಿಯಾರು. ಓದುವಾಗ ಕ್ಲಿಪ್‌ಬೋರ್ಡ್ ಖಾಲಿ ಇದ್ದರೆ ಅಥವಾ ಅದರಲ್ಲಿ ಚಿತ್ರ ಮಾತ್ರ ಇದ್ದರೆ ಟಿಕೆ ದೋಷವನ್ನು ಎಸೆಯುತ್ತದೆ, ಅದನ್ನು ಟ್ರೈ–ಎಕ್ಸೆಪ್ಟ್‌ನಲ್ಲಿ ಹಿಡಿಯಿರಿ. ಇನ್ನೊಂದು ಸೂಕ್ಷ್ಮವಿದೆ: ಎಕ್ಸ್ ಮೇಲೆ ನಡೆಯುವ ಟಿಕೆಯಲ್ಲಿ ಗುರುತಿಸಿದ ಪಠ್ಯದ ಮೇಲೆ ಪೇಸ್ಟ್ ಮಾಡಿದರೆ ಹಳೆಯದು ಅಳಿಯದೆ ಹೊಸದು ಜೊತೆಗೆ ಸೇರುತ್ತದೆ, ವಿಂಡೋಸ್‌ನಲ್ಲಿ ಅಳಿಯುತ್ತದೆ. ಇಂದಿನ ಬಳಕೆದಾರರು ನಿರೀಕ್ಷಿಸುವುದು ಎರಡನೆಯದನ್ನೇ. ಆದ್ದರಿಂದ ಪೇಸ್ಟ್ ಘಟನೆಗೆ ನಿಮ್ಮದೇ ಕಾರ್ಯವನ್ನು ಜೋಡಿಸಿ, ಗುರುತಾದ ಭಾಗವಿದ್ದರೆ ಅದನ್ನು ಮೊದಲು ಅಳಿಸಿ, ಆಮೇಲೆ ಸೇರಿಸಿ.

ಪ್ರಶ್ನೆ: ನಿವೃತ್ತ ಶಿಕ್ಷಕ, ಹುಮನಾಬಾದ್. ಊರಿನ ಜನಪದ ಹಾಡುಗಳನ್ನು ವರ್ಡ್‌ನಲ್ಲಿ ಸಂಗ್ರಹಿಸುತ್ತಿದ್ದೇನೆ. ಕೈ ನಡುಗುವುದರಿಂದ ಮೌಸ್ ಎಳೆದು ಸಾಲು ಆಯ್ದುಕೊಳ್ಳುವುದು ಕಷ್ಟ. ಎಷ್ಟೋ ಸಲ ಆಯ್ದ ಸಾಲು ಎಲ್ಲಿಗೋ ಹಾರಿಬಿಡುತ್ತದೆ.

ಉತ್ತರ: ಗುರುಗಳೆ, ತಾವು ಮೌಸ್ ಎಳೆಯುವ ಅಗತ್ಯವೇ ಇಲ್ಲ. ಆಯ್ಕೆ ಆರಂಭವಾಗಬೇಕಾದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಮುಗಿಯಬೇಕಾದಲ್ಲಿ ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ನಡುವಿನದೆಲ್ಲ ಗುರುತಾಗುತ್ತದೆ. ವರ್ಡ್‌ನಲ್ಲಿ ಎಫ್8 ಕೀಲಿಯನ್ನು ಒಮ್ಮೆ ಒತ್ತಿದರೆ ಆಯ್ಕೆ ಆರಂಭ, ಎರಡನೆಯ ಸಲಕ್ಕೆ ಪದ, ಮೂರನೆಯ ಸಲಕ್ಕೆ ವಾಕ್ಯ, ನಾಲ್ಕನೆಯ ಸಲಕ್ಕೆ ಪರಿಚ್ಛೇದ ಗುರುತಾಗುತ್ತದೆ. ಎಸ್ಕೇಪ್ ಒತ್ತಿದರೆ ಆ ಸ್ಥಿತಿಯಿಂದ ಹೊರಬರಬಹುದು. ಶಿಫ್ಟ್ ಅನ್ನು ಐದು ಸಲ ಒತ್ತಿ ಸ್ಟಿಕಿ ಕೀಸ್ ಸೌಲಭ್ಯವನ್ನು ಆರಂಭಿಸಿದರೆ ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯುವ ಕಷ್ಟವೂ ತಪ್ಪುತ್ತದೆ. ಸಾಲು ಹಾರುವುದು ಆಯ್ದ ಪಠ್ಯವನ್ನು ಎಳೆದು ಬಿಡುವ ಸೌಲಭ್ಯದಿಂದ. ವರ್ಡ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಅದನ್ನು ತೆಗೆದುಹಾಕಿ. ಅಲ್ಲಿಯವರೆಗೆ, ಹಾರಿದ ಕೂಡಲೇ ಕಂಟ್ರೋಲ್–ಝಡ್ ಒತ್ತಿದರೆ ಸಾಲು ತನ್ನ ಜಾಗಕ್ಕೆ ಮರಳುತ್ತದೆ.

ತಿದ್ದುವಾಗ ಒಂದು ವಿಷಯ ನೆನಪಿರಲಿ. 'ಸ್ತ್ರೀ' ಎಂಬ ಒಂದೇ ಅಕ್ಷರದೊಳಗೆ ಆರು ಸಂಕೇತಗಳಿವೆ. ಹೆಚ್ಚಿನ ಪ್ರೋಗ್ರಾಂಗಳಲ್ಲಿ ಬ್ಯಾಕ್‌ಸ್ಪೇಸ್ ಹಿಂದಿನಿಂದ ಒಂದೊಂದನ್ನೇ ಅಳಿಸುತ್ತದೆ, ಡಿಲೀಟ್ ಕೀಲಿ ಇಡೀ ಅಕ್ಷರವನ್ನು ತೆಗೆಯುತ್ತದೆ. ಗುಣಿತ ಮಾತ್ರ ತಪ್ಪಿದ್ದರೆ ಬ್ಯಾಕ್‌ಸ್ಪೇಸ್ ಬಳಸಿ. ತಮ್ಮ ಸಂಗ್ರಹ ಬೇಗ ಮುಗಿದು ಅಚ್ಚಾಗಲಿ ಎಂದು ಹಾರೈಸುತ್ತೇವೆ.

ಪ್ರಶ್ನೆ: ಸೇಡಂನಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇದೆ. ದಿನವಿಡೀ ಜನರ ಆಧಾರ್, ಬ್ಯಾಂಕ್ ಖಾತೆ, ಪಾಸ್‌ವರ್ಡ್‌ಗಳನ್ನು ಕಾಪಿ ಮಾಡುತ್ತೇನೆ. ಅವು ಯಂತ್ರದಲ್ಲಿ ಉಳಿಯುತ್ತವೆಯೇ?

ಉತ್ತರ: ಉಳಿಯಬಹುದು. ಕ್ಲಿಪ್‌ಬೋರ್ಡ್ ಇತಿಹಾಸವೆಂಬ ಸೌಲಭ್ಯ ವಿಂಡೋಸ್ 10ರಲ್ಲಿ 2018ರಿಂದ ಇದೆ. ಅದು ಆನ್ ಆಗಿದ್ದರೆ ಕೊನೆಯ 25 ಕಾಪಿಗಳು ಅಲ್ಲಿರುತ್ತವೆ, ವಿಂಡೋಸ್ ಕೀಲಿಯೊಂದಿಗೆ ವಿ ಒತ್ತಿದ ಯಾರಿಗೂ ಅವು ಕಾಣುತ್ತವೆ. ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿರುವ ಕ್ಲಿಪ್‌ಬೋರ್ಡ್ ಪುಟಕ್ಕೆ ಹೋಗಿ ಇತಿಹಾಸವನ್ನು ಆಫ್ ಮಾಡಿ. ಅಲ್ಲೇ ಇರುವ, ಬೇರೆ ಸಾಧನಗಳಿಗೂ ಕಾಪಿಯನ್ನು ಕಳಿಸುವ ಸೌಲಭ್ಯವನ್ನು ಎಂದಿಗೂ ಆನ್ ಮಾಡಬೇಡಿ. ಇತಿಹಾಸ ನಿಮ್ಮ ಕೆಲಸಕ್ಕೆ ಬೇಕೇ ಬೇಕಾದರೆ ಒಬ್ಬೊಬ್ಬ ಗಿರಾಕಿಯ ಕೆಲಸ ಮುಗಿದಾಗಲೂ 'ಕ್ಲಿಯರ್ ಆಲ್' ಒತ್ತಿ. ಪಿನ್ ಮಾಡಿದವು ಅದರಿಂದ ಹೋಗುವುದಿಲ್ಲ ಎಂಬುದು ಗಮನದಲ್ಲಿರಲಿ. ಇತಿಹಾಸ ಆಫ್ ಇದ್ದರೂ ಕೊನೆಯ ಒಂದು ಕಾಪಿ ಉಳಿದಿರುತ್ತದೆ, ವಿಂಡೋಸ್‌ನಲ್ಲಿ ನಡೆಯುವ ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಓದಬಲ್ಲದು. ಹಾಗಾಗಿ ಗುಪ್ತ ಸಂಖ್ಯೆಯನ್ನು ಪೇಸ್ಟ್ ಮಾಡಿದ ಮೇಲೆ ಯಾವುದಾದರೂ ಸಾಮಾನ್ಯ ಪದವೊಂದನ್ನು ಕಾಪಿ ಮಾಡಿಬಿಡುವುದು ಒಳ್ಳೆಯದು. ಪಾಸ್‌ವರ್ಡ್‌ಗಳನ್ನಂತೂ ಗಿರಾಕಿಗಳ ಕೈಯಿಂದಲೇ ಟೈಪ್ ಮಾಡಿಸಿ.

ಕ್ಲಿಪ್‌ಬೋರ್ಡಿನ ಮೂಲಕವೇ ನಡೆಯುವ ಒಂದು ಮೋಸವನ್ನೂ ತಿಳಿದಿರಿ. ಕೆಲವು ವೆಬ್ ಪುಟಗಳು 'ನೀವು ರೋಬೋಟ್ ಅಲ್ಲವೆಂದು ಸಾಬೀತುಪಡಿಸಿ' ಎಂದು ಹೇಳಿ, ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಕಂಟ್ರೋಲ್–ವಿ ಒತ್ತಿ, ಎಂಟರ್ ಹೊಡೆಯಿರಿ ಎಂದು ಸೂಚಿಸುತ್ತವೆ. ಅಷ್ಟರಲ್ಲಿ ಆ ಪುಟವು ನಿಮಗೆ ಅರಿವಿಲ್ಲದಂತೆ ಒಂದು ಆದೇಶವನ್ನು ಕ್ಲಿಪ್‌ಬೋರ್ಡಿಗೆ ತುಂಬಿರುತ್ತದೆ, ಎಂಟರ್ ಹೊಡೆದ ಕೂಡಲೇ ಕಳ್ಳ ತಂತ್ರಾಂಶ ಒಳಗೆ ಬರುತ್ತದೆ. ನಿಜವಾದ ಯಾವ ಪರೀಕ್ಷೆಯೂ ರನ್ ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ ಎಂದು ಕೇಳುವುದಿಲ್ಲ. ಈಗಾಗಲೇ ಹಾಗೆ ಮಾಡಿಬಿಟ್ಟಿದ್ದರೆ ಯಂತ್ರದ ಇಂಟರ್ನೆಟ್ ಅನ್ನು ಕೂಡಲೇ ಕಡಿದು, ಬೇರೆ ಫೋನಿನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಿ.